ರಿಯೋಹಾ ಗ್ರಾನ್ ರೆಸೆರ್ವಾ: ಬಾಟಲಿ ಆರಿಸುವುದರಿಂದ ಕೊನೆಯ ಗುಟುಕಿನವರೆಗೆ

ಸ್ಪೇನ್‌ನ ಉತ್ತರ ಭಾಗದಲ್ಲಿ, ಎಬ್ರೊ ನದಿಯ ಎರಡೂ ದಂಡೆಗಳಲ್ಲಿ ಹಬ್ಬಿರುವ ದ್ರಾಕ್ಷಿ ಸೀಮೆ ರಿಯೋಹಾ. ಅಲ್ಲಿ ಅತಿ ಹೆಚ್ಚು ಕಾಲ ಮಾಗಿಸಿ ಹೊರಗೆ ಬಿಡುವ ಕೆಂಪು ವೈನ್‌ಗೆ ಗ್ರಾನ್ ರೆಸೆರ್ವಾ ಅಂತ ಹೆಸರು. ಐದು ವರ್ಷ ತುಂಬದೆ ಅದು ಅಂಗಡಿಗೆ ಬರುವ ಹಾಗಿಲ್ಲ. ಕೆಲವು ಹಳೇ ವೈನರಿಗಳು ಹತ್ತು ವರ್ಷ ದಾಟಿದ ಮೇಲೇ ಬಿಡುತ್ತವೆ.

ಇಂಥ ಬಾಟಲಿಯನ್ನು ಮೊದಲ ಸಲ ತೆರೆದವರಲ್ಲಿ ಸುಮಾರು ಜನ ಬೇಜಾರು ಮಾಡಿಕೊಳ್ಳುತ್ತಾರೆ. ಬಣ್ಣ ತೆಳು, ಹಣ್ಣಿನ ರುಚಿ ಕಮ್ಮಿ, ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಇಷ್ಟೇನಾ ಅನ್ನುತ್ತಾರೆ. ನಂದಿ ಬೆಟ್ಟದ ಕಡೆಯ ಅಥವಾ ನಾಸಿಕ್‌ನ ಎಳೆ ಶಿರಾಜ್ ವೈನ್ ಕುಡಿದು ಅಭ್ಯಾಸವಾದವರಿಗೆ ಹಾಗೆ ಅನ್ನಿಸುವುದು ಸಹಜ. ಅದರ ಗಾಢ ಬಣ್ಣ, ರಸಭರಿತ ಹಣ್ಣಿನ ರುಚಿಯನ್ನು ಇಲ್ಲಿ ಹುಡುಕಬೇಡಿ. ಗ್ರಾನ್ ರೆಸೆರ್ವಾದಲ್ಲಿ ಹಣ್ಣು ಹಿಂದಕ್ಕೆ ಸರಿದಿರುತ್ತದೆ, ಕಾಲ ಮುಂದೆ ಬಂದಿರುತ್ತದೆ. ಅದು ಗೊತ್ತಿದ್ದು, ಬಾಟಲಿಯನ್ನು ಸ್ವಲ್ಪ ಜೋಪಾನವಾಗಿ ನಡೆಸಿಕೊಂಡರೆ ಇದಕ್ಕಿಂತ ಸೊಗಸಾದ ಕೆಂಪು ವೈನ್ ಸಿಗುವುದು ಕಷ್ಟ. ಫ್ರಾನ್ಸ್‌ನ ವೈನ್ ಸೀಮೆಗಳಾದ ಬರ್ಗಂಡಿ, ಬೋರ್ಡೊಗಳ ಇಷ್ಟೇ ವಯಸ್ಸಿನ ಬಾಟಲಿಗಳಿಗೆ ಹೋಲಿಸಿದರೆ ಬೆಲೆಯೂ ನ್ಯಾಯವಾಗಿದೆ ಅಂತಲೇ ನನ್ನ ಅಭಿಪ್ರಾಯ.

ಮೊದಲು, ಪೀಪಾಯಿಯಲ್ಲಿ ಏನಾಗುತ್ತದೆ ಅಂತ ತಿಳಿಯಿರಿ

ಇದನ್ನು ತಿಳಿಯದೆ ಮುಂದಿನ ಯಾವ ಹೆಜ್ಜೆಗೂ ಅರ್ಥ ಬರುವುದಿಲ್ಲ.

ರಿಯೋಹಾದ ಮುಖ್ಯ ದ್ರಾಕ್ಷಿ ತೆಂಪ್ರಾನಿಯೊ. ಬೇರೆ ತಳಿಗಳಿಗಿಂತ ಬೇಗ ಹಣ್ಣಾಗುತ್ತದೆ. ಇದರ ಜೊತೆಗೆ ಸ್ವಲ್ಪ ಗಾರ್ನಾಚಾ, ಗ್ರಾಸಿಯಾನೊ, ಮಾಸುವೆಲೊ ಸೇರಿಸುತ್ತಾರೆ. ಗಾರ್ನಾಚಾ ವೈನ್‌ಗೆ ಮೈ ತುಂಬಿಸುತ್ತದೆ, ಅಂದರೆ ಬಾಯಲ್ಲಿ ದಪ್ಪ ಅನ್ನಿಸುವ ಹಾಗೆ ಮಾಡುತ್ತದೆ. ಗ್ರಾಸಿಯಾನೊ ಮತ್ತು ಮಾಸುವೆಲೊ ಹುಳಿಯನ್ನೂ ಬಣ್ಣವನ್ನೂ ಕೊಡುತ್ತವೆ. ಈ ಹುಳಿಯೇ ವೈನ್ ವರ್ಷಗಟ್ಟಲೆ ಬಾಳಲು ಆಧಾರ. ಉತ್ತರಕ್ಕಿರುವ ಕಾಂತಾಬ್ರಿಯಾ ಬೆಟ್ಟಸಾಲು ಅಟ್ಲಾಂಟಿಕ್ ಕಡೆಯ ಚಳಿಗಾಳಿ, ಮಳೆಯನ್ನು ಬಹುಪಾಲು ತಡೆಯುತ್ತದೆ. ಆದರೂ ಮೇಲ್ಭಾಗದ ರಿಯೋಹಾ ಆಲ್ತಾ ಮತ್ತು ರಿಯೋಹಾ ಆಲಾವೆಸಾದಲ್ಲಿ ತಂಪು ಉಳಿದಿರುತ್ತದೆ. ಹಳೇ ಶೈಲಿಯ ಹೆಸರಾಂತ ಗ್ರಾನ್ ರೆಸೆರ್ವಾಗಳಲ್ಲಿ ಹೆಚ್ಚಿನವು ಈ ಎರಡು ಭಾಗಗಳ ವೈನರಿಗಳಿಂದ ಬರುವುದಕ್ಕೆ ಅದೂ ಒಂದು ಕಾರಣ. ಪೂರ್ವಕ್ಕೆ ಇರುವ ರಿಯೋಹಾ ಓರಿಯೆಂತಾಲ್ ಬಿಸಿಲು ಜಾಸ್ತಿ ಇರುವ ಭಾಗ.

ವೈನ್ ಅನ್ನು 225 ಲೀಟರ್‌ನ ಓಕ್ ಪೀಪಾಯಿಗಳಲ್ಲಿ ತುಂಬಿಸಿ ಇಡುತ್ತಾರೆ. ಈ ಪದ್ಧತಿ ಬೋರ್ಡೊದಿಂದ ಬಂದದ್ದು. 1852ರಲ್ಲಿ ಶುರುವಾದ ಮಾರ್ಕೆಸ್ ದೆ ಮುರಿಯೆತಾ, 1858ರಲ್ಲಿ ಶುರುವಾದ ಮಾರ್ಕೆಸ್ ದೆ ರಿಸ್ಕಾಲ್ ಎಂಬ ವೈನರಿಗಳು ಇದನ್ನು ರಿಯೋಹಾದಲ್ಲಿ ನೆಲೆಗೊಳಿಸಿದವು. ಆಮೇಲೆ ಫ್ರಾನ್ಸ್‌ನ ತೋಟಗಳನ್ನು ಫಿಲಾಕ್ಸೆರಾ ಕೀಟ ತಿಂದು ಹಾಕಿತು. ಬೋರ್ಡೊ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಬೆಟ್ಟ ದಾಟಿ ಬಂದರು. ರಿಯೋಹಾದ ಆರೊ ಎಂಬ ಊರಿಗೆ ಆಗಲೇ ರೈಲು ಬಂದಿತ್ತು. ಪೀಪಾಯಿಗಳನ್ನು ಸೀದಾ ಗೂಡ್ಸ್ ಬಂಡಿಗೆ ಉರುಳಿಸಬಹುದು ಅಂತ ನಿಲ್ದಾಣದ ಸುತ್ತಲೇ ವೈನರಿಗಳು ಎದ್ದವು. 1877ರ ಲೋಪೆಸ್ ದೆ ಎರೆದಿಯಾ, 1879ರ ಕೂನೆ, 1890ರ ಲಾ ರಿಯೋಹಾ ಆಲ್ತಾ ಇವತ್ತಿಗೂ ಅದೇ ಜಾಗದಲ್ಲಿ ಅಕ್ಕಪಕ್ಕದಲ್ಲೇ ಇವೆ. 1932ರಲ್ಲಿ ಹುಟ್ಟಿದ ಮೂಗಾ ಕೂಡ ಈಗ ಇಲ್ಲೇ ಇದೆ.

ಒಂದು ವಿಷಯದಲ್ಲಿ ಮಾತ್ರ ರಿಯೋಹಾ ಬೋರ್ಡೊ ದಾರಿ ಬಿಟ್ಟಿತು. ಫ್ರೆಂಚ್ ಓಕ್ ಬದಲು ಅಮೆರಿಕದ ಓಕ್ ಹಿಡಿಯಿತು. ಅಮೆರಿಕದ ಜೊತೆ ಸ್ಪೇನ್‌ಗೆ ಹಳೇ ಹಡಗು ವ್ಯಾಪಾರ ಇತ್ತು, ಮರ ಅಗ್ಗವಾಗಿ ಸಿಗುತ್ತಿತ್ತು. ಆ ಮರದಿಂದ ವೆನಿಲ್ಲಾ, ಒಣ ಕೊಬ್ಬರಿ, ಸಬ್ಬಸಿಗೆ ಸೊಪ್ಪಿನ ಘಮ ಬರುತ್ತದೆ. ಹೌದು, ನಮ್ಮ ಅಕ್ಕಿ ರೊಟ್ಟಿಗೆ ಹಾಕುವ ಅದೇ ಸಬ್ಬಸಿಗೆ. ಹಳೇ ಶೈಲಿಯ ರಿಯೋಹಾದಲ್ಲಿ ಆ ಘಮ ಒಮ್ಮೆ ಸಿಕ್ಕಿತು ಅಂದರೆ ಆಮೇಲೆ ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿಯಬಹುದು.

ಪೀಪಾಯಿಯ ಹಲಗೆಗಳ ಮೂಲಕ ಗಾಳಿ ಬಹಳ ನಿಧಾನವಾಗಿ ಒಳಗೆ ಸೇರುತ್ತದೆ. ವೈನ್ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಆ ಜಾಗಕ್ಕೆ ಮತ್ತೆ ವೈನ್ ತುಂಬುತ್ತಾರೆ. ದ್ರಾಕ್ಷಿ ಸಿಪ್ಪೆಯಿಂದ ಬಂದ ಒಗರಿನ ಅಂಶ ಮತ್ತು ಬಣ್ಣದ ಅಂಶ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ. ಭಾರವಾದದ್ದು ತಳಕ್ಕೆ ಕೂರುತ್ತದೆ. ಹಾಗಾಗಿ ವರ್ಷ ಕಳೆದಂತೆ ಬಣ್ಣ ತೆಳುವಾಗುತ್ತದೆ, ಒಗರು ಮೆತ್ತಗಾಗುತ್ತದೆ. ಹಳೇ ವೈನರಿಗಳಲ್ಲಿ ಕೆಲವು ತಿಂಗಳಿಗೊಮ್ಮೆ ವೈನ್ ಅನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಇಳಿಸುತ್ತಾರೆ. ಪಂಪ್ ಬಳಸದೆ, ಎತ್ತರದಿಂದ ತಗ್ಗಿಗೆ ತಾನಾಗಿ ಹರಿಯಲು ಬಿಡುತ್ತಾರೆ. ಕೆಲಸದವರು ಗ್ಲಾಸಿನಲ್ಲಿ ವೈನ್ ಹಿಡಿದು ಹಿಂದೆ ಮೇಣದ ಬತ್ತಿ ಹಚ್ಚಿ ನೋಡುತ್ತಾರೆ. ಗಸಿಯ ಮಬ್ಬು ಕಂಡ ಕೂಡಲೇ ಹರಿವು ನಿಲ್ಲಿಸುತ್ತಾರೆ. ಇದೇ ಕೆಲಸವನ್ನು ಮುಂದೆ ನೀವು ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಲಿದ್ದೀರಿ.

ಬಾಟಲಿಯ ಬೆನ್ನು ನೋಡಿ

ಮುಂದಿನ ಲೇಬಲ್ ಎಷ್ಟೇ ಚೆಂದ ಇರಲಿ, ಬಾಟಲಿ ತಿರುಗಿಸಿ ಹಿಂದೆ ನೋಡಿ. ರಿಯೋಹಾದ ನಿಯಂತ್ರಣ ಮಂಡಳಿ ಪ್ರತಿ ಬಾಟಲಿಗೂ ಸಂಖ್ಯೆ ಇರುವ ಚೀಟಿ ಅಂಟಿಸಲು ಕೊಡುತ್ತದೆ. ಬಣ್ಣದಲ್ಲೇ ದರ್ಜೆ ಗೊತ್ತಾಗುತ್ತದೆ. ಎಳೆಯದಕ್ಕೆ ಹಸಿರು, ಕ್ರಿಯಾನ್ಸಾಗೆ ಕೆಂಪು, ರೆಸೆರ್ವಾಗೆ ಗಾಢ ಮರೂನ್, ಗ್ರಾನ್ ರೆಸೆರ್ವಾಗೆ ನೀಲಿ.

ಕೆಂಪು ವೈನ್‌ಗಳ ಲೆಕ್ಕ ಹೀಗಿದೆ. ಕ್ರಿಯಾನ್ಸಾ ಒಟ್ಟು ಎರಡು ವರ್ಷ ಮಾಗಬೇಕು, ಅದರಲ್ಲಿ ಒಂದು ವರ್ಷ ಪೀಪಾಯಿಯಲ್ಲಿ. ರೆಸೆರ್ವಾ ಒಟ್ಟು ಮೂರು ವರ್ಷ, ಕನಿಷ್ಠ ಒಂದು ವರ್ಷ ಪೀಪಾಯಿ, ಆರು ತಿಂಗಳು ಬಾಟಲಿ. ಗ್ರಾನ್ ರೆಸೆರ್ವಾ ಒಟ್ಟು 60 ತಿಂಗಳು, ಅದರಲ್ಲಿ ಕನಿಷ್ಠ 24 ತಿಂಗಳು ಪೀಪಾಯಿ, ಕನಿಷ್ಠ 24 ತಿಂಗಳು ಬಾಟಲಿ. ಸ್ಪೇನ್‌ನ ಬೇರೆ ಸೀಮೆಗಳ ಗ್ರಾನ್ ರೆಸೆರ್ವಾಗೂ ಐದು ವರ್ಷದ ನಿಯಮ ಇದೆ, ಆದರೆ ದೇಶದ ಸಾಮಾನ್ಯ ಕಾನೂನಿನಲ್ಲಿ ಪೀಪಾಯಿಯ ಅವಧಿ 18 ತಿಂಗಳು ಸಾಕು.

ಒಂದು ಎಚ್ಚರಿಕೆ. ಈ ದರ್ಜೆ ಹೇಳುವುದು ಎಷ್ಟು ಕಾಲ ಇಟ್ಟರು ಅನ್ನುವುದನ್ನು ಮಾತ್ರ. ಎಷ್ಟು ಒಳ್ಳೆಯ ದ್ರಾಕ್ಷಿ ಹಾಕಿದರು ಅನ್ನುವುದನ್ನು ಅದು ಹೇಳುವುದಿಲ್ಲ. ಸೂಪರ್ ಮಾರ್ಕೆಟ್‌ಗಳಲ್ಲಿ ತುಂಬ ಅಗ್ಗದ ಗ್ರಾನ್ ರೆಸೆರ್ವಾ ಕೂಡ ಸಿಗುತ್ತದೆ. ಬಡಕಲು ವೈನ್ ಅನ್ನು ಐದು ವರ್ಷ ಮರದಲ್ಲಿ ಮತ್ತು ಬಾಟಲಿಯಲ್ಲಿ ಇಟ್ಟರೆ ಒಣಗಿ ಹೋಗುತ್ತದೆ. ಅಂಥದ್ದಕ್ಕಿಂತ ಅದೇ ದುಡ್ಡಿಗೆ ಒಳ್ಳೆಯ ವೈನರಿಯ ರೆಸೆರ್ವಾ ಕೊಳ್ಳುವುದು ಎಷ್ಟೋ ವಾಸಿ.

ವೈನರಿ ಆರಿಸಿ, ಆಮೇಲೆ ವರ್ಷ

ವೈನರಿಗೊಂದು ಶೈಲಿ ಇದೆ. ನಿಮಗೆ ಯಾವುದು ಹಿಡಿಸಬಹುದು ಅಂತ ನೋಡಿಕೊಂಡು ಆರಿಸಿ.

ಪೂರ್ತಿ ಹಳೇ ಶೈಲಿ ಬೇಕಾದರೆ ಲೋಪೆಸ್ ದೆ ಎರೆದಿಯಾ. ಇವರ ವಿನ್ಯಾ ತೊಂದೋನಿಯಾ ತೋಟ ಆರೊ ಪಕ್ಕದಲ್ಲಿ ಎಬ್ರೊ ನದಿ ಬಳಸಿ ಹರಿಯುವ ತಿರುವಿನಲ್ಲಿದೆ. ಪೀಪಾಯಿಗಳನ್ನು ಇವರೇ ಮಾಡುತ್ತಾರೆ. ನೆಲಮಾಳಿಗೆಯಲ್ಲಿ ಜೇಡರ ಬಲೆ ತೆಗೆಯುವುದಿಲ್ಲ, ಬಿರಡೆ ಕೊರೆಯುವ ಹುಳುಗಳನ್ನು ಜೇಡಗಳೇ ತಿನ್ನಲಿ ಅಂತ. ಇವರ ತೊಂದೋನಿಯಾ ಗ್ರಾನ್ ರೆಸೆರ್ವಾ ಸುಮಾರು ಹತ್ತು ವರ್ಷ ಪೀಪಾಯಿಯಲ್ಲೇ ಇರುತ್ತದೆ, ಒಳ್ಳೆಯ ವರ್ಷಗಳಲ್ಲಿ ಮಾತ್ರ ಮಾಡುತ್ತಾರೆ. ಕಾನೂನು ಕೇಳುವುದು ಎರಡು ವರ್ಷ, ಇವರು ಇಡುವುದು ಅದರ ಐದು ಪಟ್ಟು. ನನಗೆ ಇದಕ್ಕಿಂತ ಪ್ರೀತಿಯ ವೈನ್ ಇಲ್ಲ. ಆದರೆ ಮೊದಲ ಗ್ರಾನ್ ರೆಸೆರ್ವಾ ಆಗಿ ಇದನ್ನು ಕೊಳ್ಳಿ ಅಂತ ಹೇಳುವುದಿಲ್ಲ. ಎರಡನೆಯದೋ ಮೂರನೆಯದೋ ಆಗಲಿ.

ಮೊದಲಿಗೆ ಲಾ ರಿಯೋಹಾ ಆಲ್ತಾ ವೈನರಿಯ 904 ಒಳ್ಳೆಯದು. ಹೆಸರು ಕಂಡು ಗಾಬರಿಯಾಗಬೇಡಿ. 1904 ಈ ವೈನರಿಯ ಇತಿಹಾಸದ ಒಂದು ಮುಖ್ಯ ವರ್ಷ. ಅಷ್ಟನ್ನೂ ಬರೆದರೆ ಕೊಯ್ಲಿನ ವರ್ಷ ಅಂತ ಜನ ತಿಳಿದಾರು ಅಂತ ಮೊದಲ ಅಂಕಿ ಬಿಟ್ಟರು. ಅವರ 890 ಕೂಡ ಹಾಗೇ, ಶುರುವಾದ 1890ರ ನೆನಪಿಗೆ. 904 ನಯವಾಗಿ, ಸುವಾಸನೆಯಿಂದ ತುಂಬಿರುತ್ತದೆ, ಅಮೆರಿಕದ ಓಕ್ ಸ್ಪಷ್ಟವಾಗಿ ಗೊತ್ತಾಗುತ್ತದೆ. ಈ ವೈನ್ ಏನು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಡ.

ಸ್ವಲ್ಪ ಗಟ್ಟಿ ಮೈ, ಹಣ್ಣು ಇನ್ನೂ ಉಳಿದಿರುವುದು ಬೇಕಾದರೆ ಕೂನೆಯ ಇಂಪೀರಿಯಲ್, ಅಥವಾ ಮೂಗಾದ ಪ್ರಾದೊ ಎನೇಯಾ. ಮುರಿಯೆತಾದ ಕಾಸ್ತಿಯೊ ಇಗಾಯ್ ಇನ್ನೂ ಮೇಲಿನ ಮಟ್ಟ. ತೆಂಪ್ರಾನಿಯೊ ಮತ್ತು ಮಾಸುವೆಲೊ ಮಿಶ್ರಣ, ತುಂಬಾ ನಿಧಾನವಾಗಿ ಅರಳುವ ವೈನ್. ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 2013ರಲ್ಲಿ ಇಂಪೀರಿಯಲ್ 2004 ಅನ್ನು, 2020ರಲ್ಲಿ ಕಾಸ್ತಿಯೊ ಇಗಾಯ್ 2010 ಅನ್ನು ವರ್ಷದ ಮೊದಲ ವೈನ್ ಅಂತ ಆರಿಸಿತು. ಹೀಗೆ ಹೆಸರು ಬಂದ ವರ್ಷದ ಬಾಟಲಿ ದುಬಾರಿಯಾಗುತ್ತದೆ. ಅದರ ಹಿಂದಿನ, ಮುಂದಿನ ವರ್ಷದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ವರ್ಷದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮಂಡಳಿ ಪ್ರತಿ ಕೊಯ್ಲಿಗೂ ಅಂಕ ಕೊಡುತ್ತದೆ. 2001, 2004, 2005, 2010, 2011 ಅತ್ಯುತ್ತಮ ಅನ್ನಿಸಿಕೊಂಡಿವೆ, ಹಳೆಯದರಲ್ಲಿ 1964, 1994, 1995. ಆದರೆ ಒಳ್ಳೆಯ ವೈನರಿಗಳು ಕೆಟ್ಟ ವರ್ಷದಲ್ಲಿ ಗ್ರಾನ್ ರೆಸೆರ್ವಾ ಮಾಡುವುದೇ ಇಲ್ಲ. ಹಾಗಾಗಿ ಜರಡಿ ಹಿಡಿಯುವ ಕೆಲಸ ನಿಮಗಿಂತ ಮೊದಲೇ ಆಗಿರುತ್ತದೆ.

ರಿಬೇರಾ ದೆಲ್ ದುವೆರೊ ಸೀಮೆಯ ವೇಗಾ ಸಿಸಿಲಿಯಾದ ಊನಿಕೊ ಬಗ್ಗೆ ಕೆಲವರು ಕೇಳುತ್ತಾರೆ. ಅದು ಸ್ಪೇನ್‌ನ ಅತಿ ದೊಡ್ಡ ಹೆಸರು, ಪೀಪಾಯಿ ಮತ್ತು ಬಾಟಲಿ ಸೇರಿ ಹತ್ತು ವರ್ಷದಷ್ಟು ಮಾಗಿ ಬರುತ್ತದೆ. ಅಲ್ಲಿ ತೆಂಪ್ರಾನಿಯೊ ಜೊತೆ ಕ್ಯಾಬರ್ನೆ ಸೋವಿನ್ಯೋನ್ ಸೇರುತ್ತದೆ, ಮೈಕಟ್ಟು ದೊಡ್ಡದು, ಬೆಲೆ ಇನ್ನೂ ದೊಡ್ಡದು. ಇಲ್ಲಿ ಹೇಳುವ ತೆರೆಯುವ, ಬಗ್ಗಿಸುವ ಕ್ರಮ ಅದಕ್ಕೂ ಹೊಂದುತ್ತದೆ, ಆದರೆ ಅದನ್ನು ಗಾಳಿಗೆ ಇನ್ನೂ ಹೆಚ್ಚು ಹೊತ್ತು ಬಿಡಬೇಕಾಗುತ್ತದೆ.

ಕೊಳ್ಳುವಾಗ ಬಾಟಲಿಯನ್ನು ಪರೀಕ್ಷಿಸಿ

ವೈನ್ ಕತ್ತಿನವರೆಗೆ ತುಂಬಿದೆಯಾ ನೋಡಿ. ಇಪ್ಪತ್ತು ವರ್ಷದೊಳಗಿನ ಬಾಟಲಿಯಲ್ಲಿ ಮಟ್ಟ ಭುಜದವರೆಗೆ ಇಳಿದಿದ್ದರೆ ಬೇಡ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಹೊದಿಕೆಯ ಅಂಚಿನಲ್ಲಿ ಅಂಟಂಟು ಕಲೆ ಇದ್ದರೆ ಎಲ್ಲೋ ಬಿಸಿಲಲ್ಲಿ ಬೆಂದಿದೆ ಅಂತ ಅರ್ಥ. ನಮ್ಮ ದೇಶದಲ್ಲಿ ಇದು ದೊಡ್ಡ ಅಪಾಯ. ಬಂದರಿನಿಂದ ಗೋದಾಮಿಗೆ, ಗೋದಾಮಿನಿಂದ ಅಂಗಡಿಗೆ ಬರುವಷ್ಟರಲ್ಲಿ ಎಷ್ಟು ಬಿಸಿ ತಿಂದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಕೊಳ್ಳುವುದಾದರೆ ಎಸಿ ಇರುವ, ವೈನ್ ಬೇಗ ಖರ್ಚಾಗುವ ಅಂಗಡಿ ನೋಡಿ. ಕಿಟಕಿ ಪಕ್ಕದ ಶೆಲ್ಫ್‌ನಲ್ಲಿ ಧೂಳು ಹಿಡಿದು ನಿಂತಿರುವ ಗ್ರಾನ್ ರೆಸೆರ್ವಾ ಎಷ್ಟೇ ರಿಯಾಯಿತಿಯಲ್ಲಿದ್ದರೂ ಮುಟ್ಟಬೇಡಿ.

ಆಮದು ವೈನ್ ಮೇಲಿನ ತೆರಿಗೆಗಳಿಂದ ಇಲ್ಲಿ ಬೆಲೆ ಏರುತ್ತದೆ. ಹಾಗಾಗಿ ಹೊರದೇಶಕ್ಕೆ ಹೋಗಿ ಬರುವವರು ತರುವುದೇ ಹೆಚ್ಚು. ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರು ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು, ಅಂದರೆ 750 ಮಿಲಿಯ ಎರಡು ಬಾಟಲಿ. ಚೆಕ್ ಇನ್ ಸೂಟ್‌ಕೇಸ್‌ನ ನಟ್ಟ ನಡುವೆ ದಪ್ಪ ಬಟ್ಟೆ ಸುತ್ತಿ ಇಡಿ. ಮನೆಗೆ ಬಂದ ಮೇಲೆ ಎರಡು ಮೂರು ವಾರ ಅಲುಗಾಡಿಸದೆ ಬಿಡಿ. ಕದಡಿದ ಗಸಿ ಕೂರಬೇಕು.

ಕೆಲವು ಬಾಟಲಿಗಳ ಮೇಲೆ ಚಿನ್ನದ ಬಣ್ಣದ ತೆಳು ತಂತಿ ಬಲೆ ಇರುತ್ತದೆ. ಹಿಂದೆ ಖಾಲಿ ಬಾಟಲಿಗೆ ಕಳಪೆ ವೈನ್ ತುಂಬಿ ಮಾರುವವರನ್ನು ತಡೆಯಲು ಹಾಕುತ್ತಿದ್ದರು. ಈಗ ಅಲಂಕಾರಕ್ಕೆ. ಬಲೆ ಇದ್ದ ಮಾತ್ರಕ್ಕೆ ವೈನ್ ಒಳ್ಳೆಯದು ಅಂತೇನಿಲ್ಲ.

ಇಡುವುದು

12ರಿಂದ 14 ಡಿಗ್ರಿ, ಕತ್ತಲು, ಅಲುಗಾಟವಿಲ್ಲದ ಜಾಗ, ಬಾಟಲಿ ಮಲಗಿಸಿ. ವೈನ್ ಫ್ರಿಜ್ ಇದ್ದರೆ ಸರಿ. ಇಲ್ಲದಿದ್ದರೆ ವರ್ಷಗಟ್ಟಲೆ ಇಡುವ ಯೋಚನೆ ಬಿಡಿ. ಗ್ರಾನ್ ರೆಸೆರ್ವಾದ ದೊಡ್ಡ ಉಪಕಾರ ಇದೇ: ಕಾಯುವ ಕೆಲಸವನ್ನು ವೈನರಿಯೇ ಮುಗಿಸಿರುತ್ತದೆ. ಅಂಗಡಿಗೆ ಬಂದ ದಿನವೇ ಅದು ಕುಡಿಯಲು ಸಿದ್ಧ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಅಡುಗೆಮನೆ ಕಪಾಟಿನಲ್ಲಿಟ್ಟು ಮದುವೆ ವಾರ್ಷಿಕೋತ್ಸವಕ್ಕೆ ತೆಗೆಯುತ್ತೇವೆ ಅಂದರೆ ಆಸೆಪಟ್ಟ ವೈನ್ ಸಿಗುವುದಿಲ್ಲ. ಕೆಲವು ವಾರಗಳ ಮಟ್ಟಿಗೆ ಸಾಮಾನ್ಯ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬಿಯ ಜಾಗ ನಡೆಯುತ್ತದೆ. ಅಲ್ಲಿನ ಒಣ ಗಾಳಿಗೆ ಬಿರಡೆ ಒಣಗುತ್ತದೆ, ಅದಕ್ಕೇ ತಿಂಗಳುಗಟ್ಟಲೆ ಬೇಡ.

ಹಿಂದಿನ ದಿನ ಎಬ್ಬಿಸಿ ನಿಲ್ಲಿಸಿ

ಮಲಗಿಸಿದ ಬಾಟಲಿಯನ್ನು ಕನಿಷ್ಠ ಒಂದು ದಿನ ಮೊದಲು, ಹಳೆಯದಾದರೆ ಎರಡು ದಿನ ಮೊದಲು ನೆಟ್ಟಗೆ ನಿಲ್ಲಿಸಿ. ಗಸಿ ಪೂರ್ತಿ ತಳಕ್ಕೆ ಇಳಿಯಲಿ. ಗಸಿಯಿಂದ ಆರೋಗ್ಯಕ್ಕೆ ಏನೂ ತೊಂದರೆ ಇಲ್ಲ. ಆದರೆ ಬಾಯಿಗೆ ಸಿಕ್ಕರೆ ಕಹಿ, ಮರಳು ಮರಳು.

ಬಿರಡೆ ತೆಗೆಯುವುದು

ಅವಸರ ಮಾಡಿದರೆ ಕೈ ಕೊಡುವ ಹೆಜ್ಜೆ ಇದು.

ಹೊದಿಕೆಯನ್ನು ಬಾಯಿಯ ಅಂಚಿನಿಂದ ಸಾಕಷ್ಟು ಕೆಳಗೆ ಕತ್ತರಿಸಿ, ಕತ್ತು ಪೂರ್ತಿ ಕಾಣಬೇಕು. ತಂತಿ ಬಲೆ ಇದ್ದರೆ ತೆಗೆದುಬಿಡಿ. ಮೇಣ ಮೆತ್ತಿದ ಬಾಟಲಿಯಾದರೆ ಮೇಲಿನ ಭಾಗವನ್ನು ಚಾಕುವಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಉದುರಿಸಿ. ಬಿರಡೆಯ ಮೇಲೆ ಕಪ್ಪು ಬೂಷ್ಟು ಕಾಣಬಹುದು. ಹೆದರಬೇಡಿ, ಅದು ನೆಲಮಾಳಿಗೆಯ ತೇವದ ಗುರುತು. ಒದ್ದೆ ಬಟ್ಟೆಯಿಂದ ಒರೆಸಿ.

ಹದಿನೈದು ವರ್ಷ ದಾಟಿದ ಬಿರಡೆಗೆ ಎರಡು ಚಪ್ಪಟೆ ಅಲಗಿನ ತೆರೆಯುವ ಸಾಧನ ಒಳ್ಳೆಯದು. ಅಲಗುಗಳನ್ನು ಬಿರಡೆ ಮತ್ತು ಗಾಜಿನ ನಡುವೆ ಒಂದಾದ ಮೇಲೊಂದು ಒತ್ತುತ್ತಾ ಇಳಿಸಿ, ತಿರುಗಿಸುತ್ತಾ ಮೇಲೆ ಎಳೆಯಬೇಕು. ಆನ್‌ಲೈನ್‌ನಲ್ಲಿ ಹೆಚ್ಚು ಬೆಲೆಯಿಲ್ಲದೆ ಸಿಗುತ್ತದೆ. ಸಾಮಾನ್ಯ ತಿರುಪು ಮಾತ್ರ ಇದ್ದರೆ ನೇರವಾಗಿ, ಬಿರಡೆಯ ತಳದವರೆಗೂ ಇಳಿಸಿ. ಅರ್ಧ ಮಾತ್ರ ಇಳಿಸಿ ಎಳೆದರೆ ಬಿರಡೆ ಮುರಿಯುತ್ತದೆ. ಮುರಿದರೆ ಉಳಿದ ತುಂಡಿಗೆ ಓರೆಯಾಗಿ ತಿರುಪು ಚುಚ್ಚಿ ಮತ್ತೊಮ್ಮೆ ನೋಡಿ. ಅದೂ ಆಗದಿದ್ದರೆ ಒಳಗೆ ತಳ್ಳಿ, ತೆಳು ಮಸ್ಲಿನ್ ಬಟ್ಟೆಯಲ್ಲಿ ಸೋಸಿ. ಬಟ್ಟೆಗೆ ಸೋಪಿನ ವಾಸನೆ ಇರಬಾರದು, ಬರೀ ಬಿಸಿನೀರಲ್ಲಿ ತೊಳೆದಿರಲಿ. ಪುಡಿಯಾದ ಬಿರಡೆ ಅಂದರೆ ಕೆಟ್ಟ ವೈನ್ ಅಂತಲ್ಲ.

ಬಗ್ಗಿಸುವುದು

ಶುಭ್ರವಾದ ಡಿಕ್ಯಾಂಟರ್ ಅಥವಾ ಗಾಜಿನ ಹೂಜಿ ತೆಗೆದುಕೊಳ್ಳಿ. ಮೊಬೈಲ್ ಟಾರ್ಚ್ ಹಚ್ಚಿ, ಬಾಟಲಿಯ ಕತ್ತಿನ ಕೆಳಗೆ ಬೆಳಕು ಬರುವ ಹಾಗೆ ಮೇಜಿನ ಮೇಲೆ ಇಡಿ. ಬಾಟಲಿಯನ್ನು ನಿಧಾನವಾಗಿ ಬಾಗಿಸಿ. ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಿಸಬೇಡಿ, ನಿಲ್ಲಿಸಿದರೆ ವೈನ್ ಹಿಂದಕ್ಕೆ ಹೊಯ್ದು ಗಸಿ ಏಳುತ್ತದೆ. ಮೊದಲು ಕತ್ತಿನಲ್ಲಿ ತಿಳಿಯಾದ ಕೆಂಪು ಹರಿಯುತ್ತದೆ. ಕೊನೆಗೆ ಹೊಗೆಯ ಎಳೆಯ ಹಾಗೆ ಕಪ್ಪು ಗೆರೆಯೊಂದು ಭುಜದಿಂದ ಕತ್ತಿಗೆ ತೆವಳಿ ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ತಳದಲ್ಲಿ ಎರಡು ಮೂರು ಚಮಚ ಉಳಿದರೆ ಉಳಿಯಲಿ.

ಎಷ್ಟು ಹೊತ್ತು ಬಿಡಬೇಕು? ಹತ್ತರಿಂದ ಹದಿನೈದು ವರ್ಷದ ವೈನ್‌ಗೆ ಅರ್ಧ ಗಂಟೆಯಿಂದ ಒಂದು ಗಂಟೆ. ಇಪ್ಪತ್ತೈದು ವರ್ಷ ದಾಟಿದ್ದರೆ ಡಿಕ್ಯಾಂಟರ್‌ನಲ್ಲಿ ಬಿಡುವ ಗೋಜಿಗೇ ಹೋಗಬೇಡಿ. ಗಸಿ ಬೇರೆ ಮಾಡಿದ ಕೂಡಲೇ ಗ್ಲಾಸಿಗೆ ಹಾಕಿ. ಅದರಲ್ಲಿ ಉಳಿದಿರುವ ನವಿರು ಘಮ ಗಾಳಿಗೆ ಬೇಗ ಹಾರಿಹೋಗುತ್ತದೆ. ಗ್ಲಾಸಿನಲ್ಲೇ ಅದು ಅರಳುವುದನ್ನು ನೋಡುವುದೇ ಚೆಂದ.

ತಂಪು ಮತ್ತು ಗ್ಲಾಸು

ಕೆಂಪು ವೈನ್ ಅನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಅನ್ನುವ ಮಾತು ಯೂರೋಪಿನ ತಣ್ಣನೆಯ ಮನೆಗಳದ್ದು. ನಮ್ಮ 28 ಡಿಗ್ರಿಯ ಕೋಣೆಯಲ್ಲಿ ಗ್ರಾನ್ ರೆಸೆರ್ವಾ ಕುಡಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. 16ರಿಂದ 18 ಡಿಗ್ರಿ ಇರಲಿ. ತೆರೆಯುವ ಮೊದಲು ನೆಟ್ಟಗೆ ನಿಂತ ಹಾಗೇ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಡಿ. ಸ್ವಲ್ಪ ಜಾಸ್ತಿ ತಣ್ಣಗಾದರೂ ಚಿಂತೆಯಿಲ್ಲ, ಗ್ಲಾಸಿನಲ್ಲಿ ಬೇಗ ಹದಕ್ಕೆ ಬರುತ್ತದೆ. ಐಸ್ ಮಾತ್ರ ಹಾಕಬೇಡಿ, ದಯವಿಟ್ಟು.

ಗ್ಲಾಸು ದೊಡ್ಡದಿರಲಿ, ಹೊಟ್ಟೆ ಅಗಲ, ಬಾಯಿ ಕಿರಿದು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಒಂದು ಬಾಟಲಿ ಆರು ಜನಕ್ಕೆ ಧಾರಾಳ ಸಾಕು. ಇದರಲ್ಲೂ ಆಲ್ಕೋಹಾಲ್ ಶೇ. 13ರಿಂದ 14ರಷ್ಟು ಇರುತ್ತದೆ. ಗಾಡಿ ಓಡಿಸಬೇಕಾದವರಿಗೆ ಕೊಡಬೇಡಿ.

ನೋಡಿ, ಮೂಸಿ, ಕುಡಿಯಿರಿ

ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ. ನಡುವೆ ಮಾಣಿಕ್ಯದ ಕೆಂಪು, ಅಂಚಿಗೆ ಬರುತ್ತಾ ಇಟ್ಟಿಗೆ ಬಣ್ಣ, ತೀರಾ ಅಂಚಿನಲ್ಲಿ ಕಿತ್ತಳೆಯ ಛಾಯೆ. ವೈನ್ ಮೂಲಕ ಹಾಳೆಯ ಅಕ್ಷರ ಓದುವಷ್ಟು ತಿಳಿಯಾಗಿರಬಹುದು. ಇದು ದೌರ್ಬಲ್ಯವಲ್ಲ. ಬಣ್ಣದ ಅಂಶ ಒಗರಿನ ಜೊತೆ ಸೇರಿ ತಳಕ್ಕೆ ಹೋಗಿದ್ದರಿಂದ ಹೀಗೆ.

ಗ್ಲಾಸ್ ಆಡಿಸದೆ ಮೊದಲ ಸಲ ಮೂಸಿ. ಆಮೇಲೆ ಮೆಲ್ಲಗೆ ಒಂದು ಸುತ್ತು ಆಡಿಸಿ ಮತ್ತೆ ಮೂಸಿ. ಮೊದಲು ಓಕ್ ಬರುತ್ತದೆ: ವೆನಿಲ್ಲಾ, ಕೊಬ್ಬರಿ, ಲವಂಗ, ಸಬ್ಬಸಿಗೆ. ಅದರ ಹಿಂದೆ ಒಣಗಿದ ಹಣ್ಣು. ಅಂಜೂರ, ಒಣ ಚೆರ್ರಿ, ಕೆಲವು ಸಲ ಕಿತ್ತಳೆ ಸಿಪ್ಪೆ. ಐದು ನಿಮಿಷ ಬಿಟ್ಟು ಮತ್ತೆ ಬನ್ನಿ. ಈಗ ಹೊಗೆಸೊಪ್ಪು, ಹೊಸ ತೊಗಲು, ಮಳೆಗೆ ನೆನೆದ ಒಣ ಎಲೆ, ಅಣಬೆ. ಇವು ಬಾಟಲಿಯೊಳಗೆ ಗಾಳಿಯಿಲ್ಲದೆ ಕಳೆದ ವರ್ಷಗಳಲ್ಲಿ ಹುಟ್ಟಿದ ಘಮಗಳು. ಓಕ್ ಕೊಟ್ಟದ್ದು, ಹಣ್ಣು ಕೊಟ್ಟದ್ದು, ಬಾಟಲಿ ಕೊಟ್ಟದ್ದು ಅಂತ ಮೂರನ್ನೂ ಬೇರೆ ಬೇರೆ ಗುರುತಿಸಲು ಪ್ರಯತ್ನಿಸಿ. ಒಂದು ಸಲ ಈ ಬೇರ್ಪಡಿಸುವಿಕೆ ಕೈಗೆ ಬಂದರೆ ಮುಂದೆ ಯಾವ ಹಳೇ ಕೆಂಪು ವೈನ್ ಆದರೂ ನಿಮ್ಮ ಜೊತೆ ಮಾತಾಡುತ್ತದೆ.

ಈಗ ಸಣ್ಣ ಗುಟುಕು. ನಾಲಿಗೆಯ ಮೇಲೆ ಎಲ್ಲ ಕಡೆ ಹರಡಿ. ಒಗರು ಒಸಡನ್ನು ಹಿಡಿಯದೆ ರೇಷ್ಮೆಯಂತೆ ಜಾರಬೇಕು. ನಾಲಿಗೆಯ ಎರಡೂ ಪಕ್ಕದಲ್ಲಿ ನೀರೂರಬೇಕು. ಅದು ಹುಳಿಯ ಕೆಲಸ. ವಯಸ್ಸಾದ ವೈನ್ ಜೀವಂತವಾಗಿದೆಯೋ ಇಲ್ಲವೋ ಅಂತ ನಾನು ಮೊದಲು ನೋಡುವುದೇ ಆ ನೀರೂರುವಿಕೆಯನ್ನು. ಬಾಯಿ ಚುರುಕಾಗದೆ ಸಪ್ಪೆಯಾಗಿ, ಮರದ ಹೊಟ್ಟಿನ ರುಚಿ ಮಾತ್ರ ಉಳಿದರೆ ವೈನ್‌ನ ಕಾಲ ಮುಗಿದಿದೆ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ. ಒಳ್ಳೆಯ ಗ್ರಾನ್ ರೆಸೆರ್ವಾದಲ್ಲಿ ಅದು ನಿಧಾನವಾಗಿ, ಒಂದೊಂದೇ ಎಳೆಯಾಗಿ ಕರಗುತ್ತದೆ.

ಗ್ಲಾಸಿನಲ್ಲಿ ಒಂದಿಷ್ಟು ಉಳಿಸಿಕೊಂಡು ಊಟ ಮುಗಿಯುವವರೆಗೂ ಆಗಾಗ ಮೂಸುತ್ತಿರಿ. ಒಂದು ಗಂಟೆಯಲ್ಲಿ ಅದು ಎಷ್ಟು ಬದಲಾಗುತ್ತದೆ ಅನ್ನುವುದೇ ಈ ದುಡ್ಡಿನ ಅರ್ಧ ಮೌಲ್ಯ.

ಕೆಟ್ಟಿದೆಯಾ?

ಮುಗ್ಗಲು ವಾಸನೆ, ನೆನೆದ ರಟ್ಟಿನ ಡಬ್ಬಿಯ ವಾಸನೆ ಬಂದರೆ ಬಿರಡೆಯ ದೋಷ. ಹೊತ್ತು ಹೋದ ಹಾಗೆ ಅದು ಹೆಚ್ಚುತ್ತದೆಯೇ ವಿನಾ ಹೋಗುವುದಿಲ್ಲ. ಅಂಗಡಿಯವರಿಗೆ ಬಾಟಲಿ ಸಮೇತ ವಾಪಸ್ ಕೊಡಿ. ವಿನೆಗರ್ ಥರ ಮೂಗಿಗೆ ಚುಚ್ಚಿದರೆ, ಬಣ್ಣ ಪೂರ್ತಿ ಕಂದಾಗಿದ್ದರೆ ಗಾಳಿ ಹೊಕ್ಕಿದೆ. ಬೇಯಿಸಿದ ಜಾಮ್ ವಾಸನೆ ಇದ್ದು ಬಾಯಲ್ಲಿ ಸಪ್ಪೆಯಾದರೆ ಸಾಗಾಟದಲ್ಲಿ ಬೆಂದಿದೆ.

ಆದರೆ ತೆರೆದ ಮೊದಲ ನಿಮಿಷಗಳಲ್ಲಿ ಬರುವ ಹಳೇ ಪೆಟ್ಟಿಗೆಯ ಕಮಟು ಬೇರೆ. ಇಪ್ಪತ್ತು ನಿಮಿಷದಲ್ಲಿ ಅದು ಹೋಗುತ್ತದೆ. ಹಾಗೇ ಲೋಪೆಸ್ ದೆ ಎರೆದಿಯಾದಂಥ ವೈನ್‌ಗಳಲ್ಲಿ ಒಣ ಬೀಜಗಳ, ತುಸು ವಾರ್ನಿಶ್‌ನ ಛಾಯೆ ಶೈಲಿಯ ಭಾಗವೇ. ಅದು ಎಲ್ಲರಿಗೂ ಒಗ್ಗುವುದಿಲ್ಲ, ಒಗ್ಗದಿದ್ದರೆ ಬಲವಂತ ಮಾಡಿಕೊಳ್ಳಬೇಡಿ.

ಜೊತೆಗೆ ಏನು ತಿನ್ನಬೇಕು

ರಿಯೋಹಾದಲ್ಲಿ ದ್ರಾಕ್ಷಿ ಬಳ್ಳಿಯ ಒಣ ಕಡ್ಡಿಗಳನ್ನು ಸುಟ್ಟು, ಆ ಕೆಂಡದ ಮೇಲೆ ಎಳೆ ಕುರಿಯ ಸಣ್ಣ ಚಾಪ್ಸ್ ಸುಡುತ್ತಾರೆ. ಉಪ್ಪು ಬಿಟ್ಟರೆ ಹೆಚ್ಚೇನೂ ಇಲ್ಲ. ಈ ವೈನ್‌ಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಕಪಾರೋನೆಸ್ ಎಂಬ ಕೆಂಪು ಬೀನ್ಸ್ ಕಾಳಿನ ಗಟ್ಟಿ ಸಾರು ಕೂಡ ಅಲ್ಲಿನ ಊಟ.

ನಮ್ಮ ಮನೆಗಳಲ್ಲಿ ಎರಡು ವಿಷಯ ಕಾಯಬೇಕು, ಖಾರ ಮತ್ತು ಹುಣಸೆ. ಮೆಣಸಿನಕಾಯಿಯ ಉರಿ ಆಲ್ಕೋಹಾಲ್‌ನ ಚುರುಕನ್ನು ಎರಡರಷ್ಟು ಮಾಡುತ್ತದೆ. ಜೋರು ಹುಳಿ ವೈನ್ ಅನ್ನು ಸಪ್ಪೆ ಮಾಡುತ್ತದೆ. ಹಾಗಾಗಿ ಮಂಗಳೂರಿನ ಘೀ ರೋಸ್ಟ್, ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿ ಎರಡೂ ಇದರ ಜೊತೆ ಬೇಡ. ಅವಕ್ಕೆ ಎಳೆ ಕ್ರಿಯಾನ್ಸಾ ವಾಸಿ. ಕಾಳುಮೆಣಸು ಹದವಾಗಿ ಹಾಕಿ ತುಪ್ಪದಲ್ಲಿ ನಿಧಾನವಾಗಿ ಹುರಿದ ಮಟನ್ ತುಂಬಾ ಚೆನ್ನಾಗಿ ಹೊಂದುತ್ತದೆ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಕಂದು ಬಣ್ಣಕ್ಕೆ ಬಾಡಿಸಿದ ಅಣಬೆ. ಅಣಬೆಯ ಮಣ್ಣಿನ ಘಮ ವೈನ್‌ನಲ್ಲೂ ಇದೆ, ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಖಾರ ಕಮ್ಮಿ ಮಾಡಿದ ರಾಜ್ಮಾ, ಅಕ್ರೋಟು, ಗಟ್ಟಿಯಾದ ಹಳೇ ಚೀಸ್ ಕೂಡ ಆಗಬಹುದು. ಸಿಹಿ ತಿಂಡಿ ಮಾತ್ರ ಬೇಡವೇ ಬೇಡ.

ಬಾಟಲಿ ತುಂಬ ಹಳೆಯದಾಗಿದ್ದರೆ ಊಟಕ್ಕೆ ಮೊದಲೇ, ಖಾಲಿ ಬಾಯಿಯಲ್ಲಿ ಅರ್ಧ ಗ್ಲಾಸ್ ಕುಡಿಯುವುದು ನನಗಿಷ್ಟ. ಮಸಾಲೆಯ ಜೊತೆ ಕಳೆದುಹೋಗುವಂಥ ಘಮಗಳು ಆಗ ಸಿಗುತ್ತವೆ.

ಉಳಿದರೆ

ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಹತ್ತು ಹದಿನೈದು ವರ್ಷದ ವೈನ್ ಮರುದಿನಕ್ಕೂ ಚೆನ್ನಾಗಿರುತ್ತದೆ, ಕೆಲವೊಮ್ಮೆ ಮೊದಲ ದಿನಕ್ಕಿಂತ ಹೆಚ್ಚು ಬಿಚ್ಚಿಕೊಂಡಿರುತ್ತದೆ. ತೀರಾ ಹಳೆಯದನ್ನು ಅದೇ ಸಂಜೆ ಮುಗಿಸಿ. ಬಾಟಲಿಯ ತಳದ ಗಸಿ ಸೇರಿದ ಎರಡು ಚಮಚವನ್ನು ಚೆಲ್ಲಬೇಡಿ, ಬಟ್ಟೆಯಲ್ಲಿ ಸೋಸಿ ಮಟನ್ ಅಥವಾ ಅಣಬೆ ಬೇಯುವಾಗ ಹಾಕಿ, ಆಲ್ಕೋಹಾಲ್ ಹಾರುವವರೆಗೆ ಕುದಿಸಿ.